ಪೊರಕೆ ಗಾಡಿ ದಾಟಿ ಹೋದಾಗ

"ಕೈ ತೆಗೀರಿ! ನನ್ನ ಸೈಕಲ್ ಮೇಲಿಂದ ಮೊದಲು ಕೈ ತೆಗೀರಿ!"

ಅಕಾಬಾದ ಸಮುದ್ರ ದಂಡೆಯಲ್ಲಿ ಹೊರಡಲು ಸಜ್ಜಾಗಿ ನಿಂತಿದ್ದ ಸವಾರರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಸೈಕಲ್ಲನ್ನು ಎತ್ತಿ ಗಾಡಿಗೆ ಹಾಕಲು ಹೊರಟಿದ್ದ ನವಾಫ್ ಕಕ್ಕಾಬಿಕ್ಕಿಯಾದ. ಆರಡಿ ಆಳು. ವಾದಿ ರಮ್‌ನ ಮರುಭೂಮಿಯಲ್ಲಿ ಪ್ರವಾಸಿಗರ ಜೀಪು ಓಡಿಸಿ ಪಳಗಿದವನು, ಒಂಟೆ ಮೈಮೇಲೆ ಬಂದರೂ ಹೆದರದವನು. ಎದುರಿಗಿದ್ದ ಹುಡುಗಿ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಆದರೆ ಆ ಕಣ್ಣು... ಅಬ್ಬಾ!

"ಸುಹೈರ್ ಮೇಡಂ ಹೇಳಿದ್ರು... ನೀವು ನಾಳೆ ಕೊನೇ ತಿರುವಿನಿಂದ ಮಾತ್ರ ಓಡಿಸೋದಂತೆ, ಫೋಟೊಗೆ. ಅಲ್ಲೀವರೆಗೂ ಗಾಡೀಲಿ ಕೂರಿಸ್ಕೊಂಡು ಬಾ ಅಂದ್ರು."

"ಫೋಟೊಗೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳೋಕೆ ಹೇಳಿ. ನಾನು ಸೈಕಲ್ ಓಡಿಸೋಕೆ ಬಂದಿರೋಳು."

"ಆದ್ರೆ... ನಿಮ್ಮ ಕಾಲು..."

"ಎರಡೂ ಇದೆ. ಒಂದು ಹುಟ್ಟುವಾಗ ಬಂದಿದ್ದು, ಇನ್ನೊಂದು ಆಮೇಲೆ ಮಾಡಿಸಿದ್ದು. ನಿಮಗೇನು ತೊಂದರೆ?"

ನವಾಫ್ ಸೈಕಲ್ಲನ್ನು ಮೆಲ್ಲಗೆ ಕೆಳಗಿಟ್ಟ. ಅವನ ತುಟಿಯ ಅಂಚಿನಲ್ಲಿ ಸಣ್ಣ ನಗು ಬಂದದ್ದನ್ನು ದೀಮಾ ನೋಡಿದಳು. ನೋಡಿ ಇನ್ನಷ್ಟು ಉರಿದುಹೋದಳು.

'ನಗ್ತಾನೆ! ನಗಲಿ. ಸಂಜೆ ನೋಡ್ಕೊಳ್ತೀನಿ.'

ಜರ್ಕಾ ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ದೀಮಾ ಮೊದಲು ಇಷ್ಟು ಸಿಡುಕಿಯಾಗಿರಲಿಲ್ಲ. ಹೆದ್ದಾರಿಯ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಮದುವೆ ನಿಶ್ಚಯವಾಗಿದ್ದ ಹುಡುಗನ ಮನೆಯವರು ಸಿಹಿ ಪೊಟ್ಟಣದೊಂದಿಗೆ ಆಸ್ಪತ್ರೆಗೆ ಬಂದರು. "ಪಾಪ, ಎಂಥಾ ಹುಡುಗಿ" ಎಂದು ಕಣ್ಣೊರೆಸಿಕೊಂಡರು, ನಿಶ್ಚಿತಾರ್ಥವನ್ನೂ ಅಲ್ಲೇ ಒರೆಸಿ ಹಾಕಿದರು.

ಅವತ್ತಿನಿಂದ ಇಡೀ ಊರೇ ಅವಳಿಗಾಗಿ ನಿಲ್ಲತೊಡಗಿತು. ರೊಟ್ಟಿ ಅಂಗಡಿಯ ಸಾಲಿನಲ್ಲಿ "ಪಾಪ, ನೀನು ಮುಂದೆ ಹೋಗಮ್ಮ." ಬಸ್ಸಿನಲ್ಲಿ "ಪಾಪ, ಕೂತ್ಕೋ." ಕೇರಂ ಆಡಿದರೆ ಚಿಕ್ಕಪ್ಪನ ಮಕ್ಕಳು ಬೇಕೆಂದೇ ಸೋತು ಚಪ್ಪಾಳೆ ಹೊಡೆಯುತ್ತಿದ್ದರು. ಬೈದವರನ್ನಾದರೂ ತಿರುಗಿ ಬೈಯಬಹುದು, ಅಯ್ಯೋ ಎಂದವರನ್ನು ಏನು ಮಾಡುವುದು?

ಹಾಗಾಗಿಯೇ ಈ ಯಾತ್ರೆ. ಸಮುದ್ರದಿಂದ ಹೊರಟು, ವಾದಿ ರಮ್‌ನಲ್ಲಿ ರಾತ್ರಿ ತಂಗಿ, ಮರುದಿನ ನಕಬ್ ಘಾಟಿಯ ತುದಿ. ಸೇರುವ ದುಡ್ಡೆಲ್ಲ ಮಕ್ಕಳಿಗೆ ಕೃತಕ ಕಾಲು ಮಾಡುವ ಕಾರ್ಖಾನೆಗೆ. ಅವಳ ಕಾಲು ಆಗಿದ್ದೂ ಅಲ್ಲೇ. ಸಂಘಟಕಿ ಸುಹೈರ್ ಮೇಡಂ ಊರೂರಿನ ಗೋಡೆಗೆ ದೀಮಾಳ ಮುಖವನ್ನು ಅಂಟಿಸಿದ್ದರು. ಮುಖ ಸಾಕಿತ್ತು ಅವರಿಗೆ. ಆದರೆ ದೀಮಾಳಿಗೆ ಬೇಕಿದ್ದದ್ದು ಒಂದೇ: ಪೂರ್ತಿ ದಾರಿಯನ್ನು, ಎಲ್ಲರಿಗೂ ಇರುವ ನಿಯಮದಲ್ಲೇ, ತಾನೇ ತುಳಿಯಬೇಕು.

ನಿಯಮ ಸರಳವಾಗಿತ್ತು. ಸಾಲಿನ ಕೊನೆಯಲ್ಲಿ ಒಂದು ಗಾಡಿ ಗೊತ್ತಾದ ವೇಗದಲ್ಲಿ ಬರುತ್ತದೆ. ಅದು ಯಾರನ್ನು ದಾಟಿತೋ ಅವರ ಆಟ ಮುಗಿಯಿತು. ಎದೆಗೆ ಕಟ್ಟಿದ ನಂಬರು ಬಿಚ್ಚಿ ಕೊಟ್ಟು ಗಾಡಿ ಹತ್ತಬೇಕು, ಇಲ್ಲವೇ ಲೆಕ್ಕಕ್ಕಿಲ್ಲದೆ ತಮ್ಮ ಪಾಡಿಗೆ ಬರಬೇಕು. ಹಿಂದುಳಿದವರನ್ನು ಗುಡಿಸಿಕೊಂಡು ಹೋಗುವ ಅದಕ್ಕೆ ಸವಾರರು ಇಟ್ಟ ಹೆಸರು ಪೊರಕೆ ಗಾಡಿ.

ಆ ಗಾಡಿಯ ಚಾಲಕ... ನವಾಫ್!

---

ಬಡಗಣ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಬಂದರಿಗೆ ಹೋಗುವ ಫಾಸ್ಫೇಟ್ ಲಾರಿಗಳು ಬಿಳಿ ಧೂಳು ಎರಚಿ ಹೋಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ದೀಮಾ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು. ಅವಳ ಹಿಂದೆ ಆ ಬಿಳಿ ಗಾಡಿ ಮಾತ್ರ. ಹತ್ತಿರ ಬರುವುದಿಲ್ಲ, ದೂರವೂ ಹೋಗುವುದಿಲ್ಲ.

ನೀರಿಗೆಂದು ಗೊತ್ತುಮಾಡಿದ್ದ, ಗಾಡಿಯೂ ಹತ್ತು ನಿಮಿಷ ನಿಲ್ಲಬೇಕಿದ್ದ ಜಾಗದಲ್ಲಿ ಇಳಿದು ಕೃತಕ ಕಾಲನ್ನು ಬಿಚ್ಚಿದಳು. ಒಳಗಿನ ರಬ್ಬರ್ ಚೀಲದಲ್ಲಿ ಬೆವರು ತುಂಬಿ ಕಾಲು ಜಾರುತ್ತಿತ್ತು. ಚೀಲವನ್ನು ಬೋರಲು ಹಾಕಿ ಬೆವರನ್ನು ಮರಳಿಗೆ ಸುರಿದಳು.

ನವಾಫ್ ನೀರಿನ ಬಾಟಲಿ ಹಿಡಿದು ಬಂದ. ಅವಳು ಹಲ್ಲು ಕಚ್ಚಿ ಕಾದಳು. ಈಗ ಮುಖ ತಿರುಗಿಸುತ್ತಾನೆ, ಈಗ 'ಪಾಪ' ಅನ್ನುತ್ತಾನೆ...

"ಏನ್ರೀ ಇದು, ಮರುಭೂಮೀಲಿ ನೀರು ಚೆಲ್ತೀರಲ್ಲ! ನಮ್ಮಜ್ಜಿ ನೋಡಿದ್ರೆ ಕೋಲು ತಗೋತಿದ್ಲು."

ದೀಮಾ ತಡೆಯಲಾರದೆ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

"ನಿಮ್ಮಜ್ಜಿಗೆ ಹೇಳಿ, ಈ ನೀರು ಉಪ್ಪು, ಕುಡಿಯೋಕೆ ಬರಲ್ಲ ಅಂತ."

"ಹೇಳ್ತೀನಿ. ಸಿಡುಕಿ ಅಂತ ಕೂಡ ಸೇರಿಸಿ ಹೇಳ್ಲಾ?"

"ಧಾರಾಳವಾಗಿ!"

ಮತ್ತೆ ತುಳಿದಳು. ಬೆನ್ನ ಹಿಂದಿನ ಗಾಡಿಯ ಸದ್ದು ಈಗ ಯಾಕೋ ಹೆದರಿಸುತ್ತಿರಲಿಲ್ಲ. 'ಛೀ ದೀಮಾ, ಏನಾಗಿದೆ ನಿನಗೆ?'

ಬಿಸಿಲು ಇಳಿಯುವ ಹೊತ್ತಿಗೆ ವಾದಿ ರಮ್‌ನ ಬಿಡಾರ ತಲುಪಿದಾಗ ಸವಾರರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಪೊರಕೆ ಗಾಡಿ ಅವಳ ಹಿಂದೆಯೇ ಬಂತು. ಹಿಂದೆ! ಅವಳನ್ನು ಅದು ದಾಟಿರಲಿಲ್ಲ. ಮರಳಿನಡಿಯ ಗುಂಡಿಯಿಂದ ಆಗಷ್ಟೇ ತೆಗೆದ ಕುರಿಮಾಂಸದ ಘಮ ಎಲ್ಲೆಡೆ ಹರಡಿತ್ತು. ತಟ್ಟೆ ಹಿಡಿದು ಕುಳಿತ ದೀಮಾ ಖುಷಿಯಲ್ಲಿ ದೊಡ್ಡದೊಂದು ತುತ್ತು ಎತ್ತಿದಳು. ಗೆದ್ದೆ... ಯಾರ ಅಯ್ಯೋ ಪಾಪವೂ ಇಲ್ಲದೆ ಗೆದ್ದೆ!

ಆಗಲೇ ಕೇಳಿಸಿತು, ಗಾಡಿಯ ಅಡಿಗೆ ನುಸುಳಿದ್ದ ಮೆಕ್ಯಾನಿಕ್ ಅಬು ಖಲೀಲನ ಗಂಟಲು.

"ಲೋ ನವಾಫ್! ಗಾಡಿ ಓಡಿಸಿದ್ಯೋ, ಕುರಿ ಮೇಯಿಸಿದ್ಯೋ? ಕ್ಲಚ್ಚು ಸುಟ್ಟು ಕರಕಲಾಗಿದೆ! ದಿನವಿಡೀ ಅರ್ಧ ಕ್ಲಚ್ಚು ತುಳ್ಕೊಂಡು ತೆವಳಿದ್ರೆ ಇನ್ನೇನಾಗುತ್ತೆ? ನಿನಗೆ ಹೇಳಿದ ವೇಗ ಏನು, ನೀನು ಬಂದ ವೇಗ ಏನು? ಕತ್ತೆ ಗಾಡಿಯವನು ಕೂಡ ನಿನ್ನ ದಾಟಿ ಹೋದ್ನಂತಲ್ಲೋ!"

ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ದೀಮಾ ನಗಲಿಲ್ಲ. ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು.

ಎದ್ದು ನೇರ ಅವನ ಎದುರಿಗೆ ಹೋಗಿ ನಿಂತಳು.

"ನಿಜವಾ?"

ನವಾಫ್ ತಲೆ ತಗ್ಗಿಸಿದ.

"ನಿಜವಾ ಅಂತ ಕೇಳ್ದೆ!"

"ನೀವು ತಲುಪಬೇಕು ಅಂತ ಆಸೆ ಆಯ್ತು... ಅಷ್ಟೇ. ಕೆಟ್ಟದ್ದೇನೂ ಅಂದ್ಕೊಂಡಿರ್ಲಿಲ್ಲ."

"ಯಾರೂ ಕೆಟ್ಟದ್ದು ಅಂದ್ಕೊಳ್ಳಲ್ಲ! ಅದೇ ತಾನೇ ನನ್ನ ಕರ್ಮ!" ಅವಳ ದನಿ ಒಡೆಯಿತು. "ಎಲ್ಲರೂ ಒಳ್ಳೇವರೇ. ಎಲ್ಲರೂ ನನಗೋಸ್ಕರ ನಿಲ್ತಾರೆ, ಸೋಲ್ತಾರೆ, ದಾರಿ ಬಿಡ್ತಾರೆ. ಇವನೊಬ್ಬ ಬೇರೆ ಅಂದ್ಕೊಂಡಿದ್ದೆ. ನೀನೂ ಅವರಲ್ಲೇ ಒಬ್ಬ! ಇವತ್ತು ನಾನು ತುಳಿದಿದ್ದನ್ನೆಲ್ಲ ಸುಳ್ಳು ಮಾಡಿಬಿಟ್ಟೆ ನೀನು!"

ನವಾಫ್‌ನ ಮುಖ ಬಿಳಿಚಿತು. ತಾನು ಉಡುಗೊರೆ ಅಂದುಕೊಂಡು ಕೊಟ್ಟದ್ದು ಕಳ್ಳತನವಾಗಿತ್ತು ಎಂದು ಅವನಿಗೆ ಆ ಕ್ಷಣ ತಿಳಿಯಿತು.

"ಏನು ಮಾಡ್ಲಿ ಈಗ? ಹೇಳಿ."

"ನಾಳೆ ಹೇಳಿದ ವೇಗದಲ್ಲೇ ಓಡಿಸು. ಹಿಂದೆ ಬಿದ್ರೆ ದಾಟಿ ಹೋಗು. ತಿರುಗಿ ನೋಡಬೇಡ. ಮಾತು ಕೊಡು."

ಮರಳುಗಾಡಿನವರು ಸುಮ್ಮಸುಮ್ಮನೆ ಮಾತು ಕೊಡುವುದಿಲ್ಲ. ಕೊಟ್ಟರೆ ಮುರಿಯುವುದಿಲ್ಲ. ನವಾಫ್ ಎದೆಯ ಮೇಲೆ ಕೈಯಿಟ್ಟು ಅಂದ.

"ಕೊಟ್ಟೆ."

---

ಮರುದಿನ ನಕಬ್ ಘಾಟಿಯ ಏರು ಶುರುವಾಗುವ ಹೊತ್ತಿಗೆ ದೀಮಾಳ ತೊಡೆ ಕೆಂಡವಾಗಿತ್ತು. ರಬ್ಬರ್ ಚೀಲದ ಅಂಚು ಚರ್ಮವನ್ನು ತಿನ್ನುತ್ತಿತ್ತು. ಹಿಂದೆ ಇಂಜಿನ್ನಿನ ಸದ್ದು ಹತ್ತಿರವಾಯಿತು... ಇನ್ನೂ ಹತ್ತಿರ... ನಿಲ್ಲಲಿಲ್ಲ.

ಗಾಡಿಯೊಳಗೆ, ರಾತ್ರಿಯೆಲ್ಲ ಕೂತು ಕ್ಲಚ್ಚು ಬದಲಿಸಿದ್ದ ಅಬು ಖಲೀಲ್ ಕೂಗಾಡುತ್ತಿದ್ದ. "ನಿಧಾನ ಮಾಡೋ ಪಾಪಿ! ಮಗು ಸಾಯ್ತಾ ಇದೆ, ಕಣ್ಣಿಲ್ವೇನೋ ನಿನಗೆ?"

"ಮಾತು ಕೊಟ್ಟಿದ್ದೀನಿ, ಮಾವ."

"ನಿನ್ನ ಮಾತಿಗೆ ಬೆಂಕಿ ಬೀಳ!"

ನವಾಫ್‌ನ ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಸೇರುತ್ತಿತ್ತು. ಕ್ಲಚ್ಚಿನ ಕಡೆಗೆ ಹೋಗುವ ಕಾಲನ್ನು ಅವನು ಬಲವಂತವಾಗಿ ಹಿಂದಕ್ಕೆ ಎಳೆದುಕೊಂಡ.

ಗಾಡಿ ಅವಳ ಪಕ್ಕಕ್ಕೆ ಬಂತು. ಅವಳನ್ನು ದಾಟಿತು. ಮುಂದೆ ನಿಂತಿತು. ಅವನು ಕಿಟಕಿಯಿಂದ ಕೈ ಚಾಚಿದ.

"ನಂಬರು ಕೊಡಿ."

ಬೇರೇನೂ ಇಲ್ಲ. 'ಪರವಾಗಿಲ್ಲ' ಇಲ್ಲ. 'ತುಂಬಾ ಚೆನ್ನಾಗಿ ಓಡಿಸಿದ್ರಿ' ಇಲ್ಲ.

ದೀಮಾ ನಂಬರು ಬಿಚ್ಚಿ ಅವನ ಕೈಗಿಟ್ಟಳು.

"ಹತ್ತೀರಾ?"

"ಇಲ್ಲ. ನನ್ನ ಪಾಡಿಗೆ ಬರ್ತೀನಿ."

ಗಾಡಿ ಹೊರಟುಹೋಯಿತು. ಅವನು ತಿರುಗಿ ನೋಡಲಿಲ್ಲ.

ಬಟಾಬಯಲಿನ ಆ ಏರಿನಲ್ಲಿ ಒಬ್ಬಳೇ ಆದಾಗ ದೀಮಾಳಿಗೆ ಮೊದಲು ಅಳು ಬಂತು. ಆಮೇಲೆ ನಗು ಬಂತು. ಅಳುತ್ತ ನಗುತ್ತ ಪೆಡಲ್ ತುಳಿದಳು. ಸೋತಿದ್ದಳು, ನಿಜವಾಗಿ ಸೋತಿದ್ದಳು! ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಸೋಲಲು ಬಿಟ್ಟಿರಲಿಲ್ಲ.

ಅರ್ಧ ಏರಿದ್ದಾಗ ಮೇಲಿನಿಂದ ಕಾರೊಂದು ಇಳಿದು ಬಂತು. ಸುಹೈರ್ ಮೇಡಂ, ಹಿಂದಿನ ಸೀಟಿನಲ್ಲಿ ಕ್ಯಾಮೆರಾದವನು.

"ಬೇಗ ಹತ್ತು ದೀಮಾ! ಕೊನೇ ತಿರುವಲ್ಲಿ ಇಳಿಸ್ತೀವಿ, ಅಲ್ಲಿಂದ ಓಡಿಸ್ಕೊಂಡು ಬಾ. ದಾನಿಗಳೆಲ್ಲ ಹೊರಡೋಕೆ ನಿಂತಿದ್ದಾರೆ. ನಿನ್ನ ಒಂದು ಫೋಟೊದಿಂದ ಎಷ್ಟು ಮಕ್ಕಳಿಗೆ ಕಾಲು ಸಿಗುತ್ತೆ ಗೊತ್ತಾ?"

ಆ ಮಾತು ಚುಚ್ಚಿತು. ತನ್ನ ಹಟ ದೊಡ್ಡದೋ, ಆ ಮಕ್ಕಳು ದೊಡ್ಡವರೋ? ದೀಮಾಳ ಕಾಲು ನೆಲಕ್ಕೆ ಬಂತು. ಕಾರಿನೊಳಗಿನ ತಂಪು ಮುಖಕ್ಕೆ ತಾಗಿತು. ಒಂದು ಕ್ಷಣ ಅವಳ ಕೈ ಬಾಗಿಲಿನ ಕಡೆಗೂ ಹೋಯಿತು.

"ಮೇಡಂ, ಆ ಮಕ್ಕಳು ದೊಡ್ಡವರಾಗಿ ಸೈಕಲ್ ಹತ್ತುತ್ತಾರೆ. ಏರಲ್ಲಿ ಸುಸ್ತಾಗುತ್ತೆ. ಆಗ ನನ್ನ ಫೋಟೊ ನೋಡಿ, 'ಅವಳಿಗೆ ಸುಸ್ತೇ ಆಗಿರ್ಲಿಲ್ಲ' ಅಂದ್ಕೊಂಡು ಕೂತ್ಕೊಂಡ್ರೆ?" ಅವಳು ಕೈ ಹಿಂದಕ್ಕೆಳೆದುಕೊಂಡಳು. "ಇಲ್ಲೇ ತೆಗೀರಿ ಫೋಟೊ. ನಂಬರಿಲ್ಲ, ಮೂಗಲ್ಲಿ ಸಿಂಬಳ ಇದೆ, ಎಲ್ಲರಿಗಿಂತ ಹಿಂದಿದ್ದೀನಿ. ಹಾಗೇ ಬರೆದು ಹಾಕಿ. ದುಡ್ಡು ಕೊಡೋರು ಕೊಡ್ತಾರೆ!"

ಸುಹೈರ್ ಮೇಡಂ ಗಡಿಯಾರ ನೋಡಿದರು, ಅವಳ ಮುಖ ನೋಡಿದರು. ಕೆಟ್ಟ ಹೆಂಗಸೇನಲ್ಲ ಆಕೆ. ಕೊನೆಗೆ ಕ್ಯಾಮೆರಾದವನಿಗೆ ಕಣ್ಸನ್ನೆ ಮಾಡಿದರು.

ಅವನು ತೆಗೆದ.

---

ಅವಳು ಘಾಟಿಯ ತುದಿ ಮುಟ್ಟಿದಾಗ ಅಲ್ಲಿ ಕಮಾನಿರಲಿಲ್ಲ, ಬ್ಯಾಂಡಿರಲಿಲ್ಲ. ಖಾಲಿ ಬಾಟಲಿಗಳು ಗಾಳಿಗೆ ಉರುಳಾಡುತ್ತಿದ್ದವು. ಗಾಡಿಗಳೆಲ್ಲ ಹೋಗಿಯಾಗಿತ್ತು.

ರಸ್ತೆ ಬದಿಯ ಕಲ್ಲಿನ ಮೇಲೆ ನವಾಫ್ ಒಬ್ಬನೇ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. ಓಡಿ ಬರಲಿಲ್ಲ, ಕೈ ಹಿಡಿದು ಇಳಿಸಲಿಲ್ಲ. ಅವಳೇ ಇಳಿದು, ಸೈಕಲ್ ಒರಗಿಸಿ, ಕುಂಟುತ್ತ ಅವನ ಹತ್ತಿರ ಬರುವ ತನಕ ಕಾದ.

"ಗಾಡಿ ಎಲ್ಲಿ?" ಎಂದಳು.

"ಅಬು ಖಲೀಲ್ ಮಾವ ತಗೊಂಡು ಹೋದ. ಹೋಗುವಾಗ ನನ್ನ ಏಳು ತಲೆಮಾರಿಗೂ ಬೈದು ಹೋದ."

"ನೀನು ಯಾಕೆ ಉಳಿದೆ?"

"ಗಾಡಿ ಇದ್ರೆ ನಿನ್ನನ್ನ ಹತ್ತಿಸ್ಕೊಂಡು ಹೋಗೋಕೆ ನಿಂತಿದ್ದೀನಿ ಅಂತ ನೀನು ಅಂದ್ಕೋತಿದ್ದೆ." ಅವನು ಅವಳು ಏರಿ ಬಂದ ದಾರಿಯತ್ತ ನೋಡಿದ. "ಬರೀ ನೋಡೋಕೆ ನಿಂತೆ ದೀಮಾ. ನೀನು ಬರೋದನ್ನ."

ಅವಳ ಕಣ್ಣು ತುಂಬಿತು. ಈ ಸಲ ಅವಳು ಅದನ್ನು ಬಚ್ಚಿಡಲಿಲ್ಲ.

"ದಾಟಿ ಹೋದಾಗ ಏನನ್ನಿಸ್ತು?"

"ಗಾಡಿಯಿಂದ ಹಾರಿಬಿಡೋಣ ಅನ್ನಿಸ್ತು. ಇನ್ಮೇಲೆ ಜನ್ಮದಲ್ಲಿ ನನ್ನ ಮುಖ ನೋಡಲ್ಲ ಇವಳು ಅಂದ್ಕೊಂಡೆ."

"ಪೆದ್ದ!" ಅವಳು ಅಳುತ್ತಲೇ ನಕ್ಕಳು. "ನನಗೆ ಏನನ್ನಿಸ್ತು ಗೊತ್ತಾ? ಇವನ ಜೊತೆ ಬದುಕಬಹುದು ಅನ್ನಿಸ್ತು."

ನವಾಫ್ ಅವಳತ್ತ ಒಂದು ಹೆಜ್ಜೆ ಮುಂದೆ ಬಂದ.

"ನಮ್ಮ ಹಿರಿಯರನ್ನ ಜರ್ಕಾಗೆ ಕಳಿಸ್ಲಾ? ನಿಮ್ಮಪ್ಪನ ಹತ್ರ ಕೇಳೋಕೆ?"

"ಕಳಿಸು. ಆದ್ರೆ ಅದಕ್ಕೆ ಮುಂಚೆ ನನಗೊಂದು ಹೇಳು. ಮುಂದಿನ ವರ್ಷ ನಾನು ಮತ್ತೆ ಬರ್ತೀನಿ. ಪೊರಕೆ ಗಾಡಿ ಯಾರು ಓಡಿಸ್ತಾರೆ?"

"ನಾನೇ."

"ನಾನು ಹಿಂದೆ ಬಿದ್ರೆ?"

"ದಾಟಿ ಹೋಗ್ತೀನಿ."

"ಹೆಂಡ್ತಿ ಆದ್ಮೇಲೂ?"

"ಹೆಂಡ್ತಿ ಆದ್ಮೇಲೆ..." ನವಾಫ್ ತಲೆ ಕೆರೆದುಕೊಂಡ, "ಹಾರ್ನ್ ಹೊಡ್ಕೊಂಡು ದಾಟಿ ಹೋಗ್ತೀನಿ."

"ಹೊಡಿ ನೋಡೋಣ!" ಎಂದು ದೀಮಾ ಅವನತ್ತ ಕೈ ಚಾಚಿದಳು.