ನೀರುನಾಯಿಯ ಬಲಗಾಲು

ಕಾಡಿನೊಳಗಿಂದ ಸಿಳ್ಳೆ ಕೇಳಿಸಿದಾಗ ನಾನು ಬಲೆಯ ಹರಕು ಹೆಣೆಯುತ್ತಿದ್ದೆ. ಬೆಳಗಿನ ಹತ್ತು ಗಂಟೆ. ಆದರೂ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಟ್ಟೆಗೆ ಕಟ್ಟಿದ್ದ ನನ್ನ ದೋಣಿ ನನಗೇ ಕಾಣುತ್ತಿರಲಿಲ್ಲ. ಸಿಳ್ಳೆ ಮೂರು ಸಲ ಬಂತು, ಉದ್ದಕ್ಕೆ, ಕೊನೆಯಲ್ಲಿ ಕುಗ್ಗುತ್ತ. ನಮ್ಮ ದ್ವೀಪದಲ್ಲಿ ಅಂಥ ಸಿಳ್ಳೆಗೆ ಯಾರೂ ಓಗೊಡುವುದಿಲ್ಲ. ಮುಳುಗಿ ಸಾಯುವವರನ್ನು ಎಳೆದೊಯ್ದು ತನ್ನಂತೆಯೇ ಮಾಡಿಕೊಳ್ಳುವ ನೀರುನಾಯಿ ಮನುಷ್ಯ ಕರೆಯುವುದು ಹಾಗೆ. ನಾನು ಒಳಗೆ ಹೋಗಿ ಅಗುಳಿ ಹಾಕಿ, ಕೈಗೆ ಸಿಕ್ಕ ಕಬ್ಬಿಣದ ಕೊಕ್ಕೆ ಹಿಡಿದು ಕೂತೆ. ಐವತ್ತೈದರ ಗಂಡಸು ಹೀಗೆ ಕೂತೆನೆಂದು ಬರೆಯಲು ನನಗೆ ನಾಚಿಕೆಯಿಲ್ಲ. ಆ ಹೊತ್ತಿನಲ್ಲಿ ಊರಿನ ಅರ್ಧ ಗಂಡಸರು ಹೀಗೇ ಕೂತಿದ್ದರು.

ಸಿಳ್ಳೆ ನಿಂತು ಹತ್ತು ನಿಮಿಷವಾಗಿರಬಹುದು, ಬಾಗಿಲು ದಬದಬ ಬಡಿದ ಸದ್ದಾಯಿತು. ನೋಡಿದರೆ ಕ್ಲೈಡ್. ಮುಖದಲ್ಲಿ ರಕ್ತವೇ ಇರಲಿಲ್ಲ.

"ಲೆಸ್ಟರಣ್ಣ, ಬೇಗ ಹೊರಡು! ಮಾವ ಹೊಗೆಮನೇಲಿ ಬಿದ್ದಿದ್ದಾನೆ. ನಿಮ್ಮವರನ್ನ ಕರ್ಕೊಂಡು ಬಾ, ಹಲಗೆ ತಗೊಂಡು ಬಾ."

ನಮ್ಮ ಊರಿನವರೆಲ್ಲ ಕಾಗೆ, ಹದ್ದು ಎಂಬ ಎರಡು ಕಡೆಗೆ ಸೇರಿದವರು. ಕ್ಲೈಡನ ಸೋದರಮಾವ ಹಾರ್ಲನ್ ಕಾಗೆ ಕಡೆಯವರ ಹಿರಿಯ. ಹಿರಿತನದ ಗುರುತಾದ, ಅವರ ಕುಲದ ಕೆತ್ತನೆಯ ಟೋಪಿ ಅವನ ವಶದಲ್ಲಿತ್ತು. ನಾನೂ ನನ್ನ ತಮ್ಮ ಎಮಿಲನೂ ಹದ್ದು ಕಡೆಯವರು. ಕಾಗೆ ಕಡೆ ಸಾವಾದರೆ ಹೆಣ ತೊಳೆಯುವುದು, ಪೆಟ್ಟಿಗೆ ಮಾಡುವುದು, ಗುಂಡಿ ತೋಡುವುದು ಎಲ್ಲ ನಮ್ಮ ಕೆಲಸ. ನಮ್ಮಲ್ಲಿ ಸಾವಾದರೆ ಅವರ ಕೆಲಸ. ಸ್ವಂತ ಕಡೆಯವರು ಹೆಣಕ್ಕೆ ಕೈ ಹಚ್ಚುವಂತಿಲ್ಲ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಹಾಗಾಗಿ ಕ್ಲೈಡ್ ಓಡಿಬಂದು ನಮ್ಮನ್ನು ಕರೆದದ್ದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

ಎಮಿಲನನ್ನು ಎಬ್ಬಿಸಿ, ಹಲಗೆ ಹೊತ್ತುಕೊಂಡು ಹೊರಟೆ. ನನ್ನ ಮನೆ ಊರಿನ ಈ ತುದಿ, ಮೀನನ್ನು ಹೊಗೆಗೆ ಒಣಗಿಸುವ ಹೊಗೆಮನೆ ಆ ತುದಿ. ಅದರ ಪಕ್ಕದ್ದೇ ನರ್ಸ್ ಒಲ್ಗಾಳ ಮನೆ. ನಾನು ಬಾಗಿಲು ತಟ್ಟಿದಾಗ ಅವಳು ಸೌಟು ಹಿಡಿದುಕೊಂಡೇ ಹೊರಬಂದಳು, ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ಹೊಗೆಮನೆಯ ಗಿಡ್ಡ ಬಾಗಿಲಿನಿಂದ ಎರಡು ಬೂಟಿನ ತಳ ಮಾತ್ರ ಕಂಡವು. ಉಳಿದದ್ದೆಲ್ಲ ಹೊಗೆ, ಮೇಲೆ ಸಾಲುಸಾಲು ಸಾಲ್ಮನ್. ನಾನು ತೆವಳಿಕೊಂಡು ಒಳಗೆ ಹೋಗಿ ಹಾರ್ಲನನನ್ನು ಎಳೆದು ತಂದೆ. ಒಲ್ಗಾ ಕುತ್ತಿಗೆ ಮುಟ್ಟಿ ನೋಡಿದಳು. "ಹೋಗಿಬಿಟ್ಟಿದ್ದಾನೆ ಲೆಸ್ಟರ್. ತಲೆ ಹಿಂಭಾಗ ಒಲೆಯ ಕಬ್ಬಿಣಕ್ಕೆ ಬಡಿದಿದೆ."

ಆಗ ಎಮಿಲ್ ನನ್ನ ತೋಳು ಹಿಡಿದು ಕೆಳಗೆ ತೋರಿಸಿದ. ಕೆಸರಿನಲ್ಲಿ ಹೊಗೆಮನೆಯ ಸುತ್ತಲೂ ಹೆಜ್ಜೆಗಳು. ಐದು ಬೆರಳು, ಬೆರಳ ನಡುವೆ ಪೊರೆ. ಗಲಾಟೆ ಕೇಳಿ ಅಷ್ಟರಲ್ಲಿ ಸೇರಿದ್ದ ಜನವೆಲ್ಲ ಒಂದೇ ಉಸಿರಿಗೆ ಹಿಂದೆ ಸರಿದರು. ಯಾರೋ ಹೆಂಗಸು ಅಳುತ್ತ ಪ್ರಾರ್ಥನೆ ಹೇಳತೊಡಗಿದಳು.

ಸರಿಯದೆ ಮುಂದೆ ಬಂದವಳು ಅಗ್ರಫೇನಕ್ಕ ಒಬ್ಬಳೇ. ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಮೀನು ಪರೀಕ್ಷೆ ಮಾಡಿದವಳು. ಕಿವಿರು ನೋಡಿ ಯಾವತ್ತಿನ ಮೀನು, ಯಾವ ದೋಣಿಯದು ಎಂದು ಹೇಳುತ್ತಿದ್ದಳು. ಊರಲ್ಲಿ ಏಡಿಬೋನು ಕಳುವಾದರೂ, ಬಲೆ ಯಾರೋ ಕೊಯ್ದರೂ, ಜನ ಮೊದಲು ಹೋಗುವುದು ಅವಳ ಮನೆಗೆ. ಅವಳನ್ನು ಅಲ್ಲಿ ಇಲ್ಲಿ ಕರೆದೊಯ್ಯುವುದು, ಅವಳಿಂದ ಬೈಸಿಕೊಳ್ಳುವುದು ನನ್ನ ಪಾಲು. ಆದರೆ ಈ ಸಲ ಸತ್ತವನು ಅವಳ ಸ್ವಂತ ತಮ್ಮ. ಅವನ ಮುಖವನ್ನು ಒಂದು ನಿಮಿಷ ನೋಡಿದಳು, ಮುಟ್ಟಲಿಲ್ಲ. ಆಮೇಲೆ ಹೆಜ್ಜೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ದೊಡ್ಡಮ್ಮಾ, ಅದರ ಹತ್ರ ಹೋಗ್ಬೇಡ," ಕ್ಲೈಡ್ ಕೂಗಿದ. ತಾಯಿ ತೀರಿಕೊಂಡ ಮೇಲೆ ಅವನನ್ನೂ ಅವನ ತಂಗಿ ವರ್ನಾಳನ್ನೂ ಸಾಕಿದವಳು ಅವಳೇ.

"ಲೆಸ್ಟರ್, ನೀರುನಾಯಿಗೆ ಕಾಲೆಷ್ಟು?"

"ನಾಲ್ಕು," ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು.

"ಇದಕ್ಕೆ ಒಂದೇ. ಎಲ್ಲಾ ಹೆಜ್ಜೇನೂ ಬಲದ ಮುಂಗಾಲು. ಇಡೀ ಮನೇನ ಕುಂಟಾಬಿಲ್ಲೆ ಆಡ್ಕೊಂಡು ಸುತ್ತಿತೇನೋ ಪುಕ್ಕಲ? ಕತ್ತರಿಸಿದ ಕಾಲು ಹಿಡಿದು ಯಾರೋ ಒತ್ತಿದ್ದಾರೆ."

ಒಂದು ಭಯ ಹೋಗಿ ಅದಕ್ಕಿಂತ ದೊಡ್ಡದು ಬಂತು. ನೀರುನಾಯಿ ಹಿಡಿಯುವವನು ಊರಲ್ಲಿ ಒಬ್ಬನೇ, ನನ್ನ ತಮ್ಮ ಎಮಿಲ್. ಅವನ ಮನೆಯ ಹೊರಗೋಡೆಯಲ್ಲಿ ಒಣಗಲು ಹಾಕಿದ್ದ ಚರ್ಮವೊಂದಕ್ಕೆ ಬಲದ ಮುಂಗಾಲು ಇರಲಿಲ್ಲ. ಎರಡು ದಿನದ ಹಿಂದಷ್ಟೇ ಬಲೆ ಬಿಡುವ ಜಾಗಕ್ಕಾಗಿ ಅವನೂ ಹಾರ್ಲನನೂ ಕಟ್ಟೆಯ ಮೇಲೆ ಕಿರುಚಾಡಿದ್ದರು. ಮಧ್ಯಾಹ್ನದೊಳಗೆ ಕಾಗೆ ಕಡೆಯವರು ಎಮಿಲನನ್ನು ಕಾರ್ಖಾನೆಯ ಉಪ್ಪಿನ ಕೋಣೆಗೆ ಹಾಕಿ ಬೀಗ ಜಡಿದರು. ಮಂಜು ಸರಿದ ಕೂಡಲೇ ವಿಮಾನದಲ್ಲಿ ಬಂದು ಅವನನ್ನು ಕರೆದೊಯ್ಯುತ್ತೇವೆಂದು ರೇಡಿಯೋದಲ್ಲಿ ಪೊಲೀಸರು ಹೇಳಿದರು. ಹದ್ದಿನವರ ಕೈ ಇನ್ನು ಹಾರ್ಲನನಿಗೆ ತಾಗಕೂಡದೆಂದು ಕಾಗೆ ಕಡೆಯವರು ಹಟ ಹಿಡಿದರು. ಅವರಂತೂ ಮುಟ್ಟುವಂತಿಲ್ಲ. ಹೀಗಾಗಿ ಅವರ ಹಿರಿಯ ತೊಳೆಯುವವರಿಲ್ಲದೆ, ಪೆಟ್ಟಿಗೆಯಿಲ್ಲದೆ, ಬೆಳಿಗ್ಗೆ ನಾವು ಹಲಗೆಯ ಮೇಲೆ ತಂದು ಮಲಗಿಸಿದಲ್ಲೇ ತನ್ನ ಮನೆಯಲ್ಲಿ ಬಿದ್ದಿದ್ದ. ಪೆಟ್ಟಿಗೆ ಮಾಡುವ ಬಡಗಿಯೂ ಎಮಿಲನೇ.

ನಾನು ಅಗ್ರಫೇನಕ್ಕನ ಅಡುಗೆಮನೆಯಲ್ಲಿ ಕೂಗಾಡಿದೆ. "ನೀನು ಕುಂಟಾಬಿಲ್ಲೆ ಅನ್ನದೇ ಇದ್ದಿದ್ರೆ ನನ್ನ ತಮ್ಮ ಮನೇಲಿರ್ತಿದ್ದ! ನೀರುನಾಯಿ ಮನುಷ್ಯನೇ ವಾಸಿಯಾಗಿತ್ತು!"

"ಕೂತ್ಕೋ. ಆ ಚರ್ಮ ಬೀದಿಗೆ ಕಾಣೋ ಹಾಗೆ ನೇತಾಡ್ತಿತ್ತು. ಯಾರು ಬೇಕಾದ್ರೂ ಕೊಯ್ಕೋಬಹುದಿತ್ತು," ಎಂದು ಚಹಾ ಬಗ್ಗಿಸಿದಳು. "ಬಾಗಿಲು ಬಡಿದಾಗಿನಿಂದ ಹೇಳು. ಕ್ಲೈಡ್ ಏನಂದ್ನೋ ಹಾಗೇ ಹೇಳು, ನಿನ್ನ ಮಸಾಲೆ ಸೇರಿಸ್ಬೇಡ."

ಹೇಳಿದೆ. ಅವಳ ಕೈಯ ಲೋಟ ಅರ್ಧದಲ್ಲೇ ನಿಂತಿತು.

"ಇನ್ನೊಂದ್ಸಲ ಹೇಳು."

ಮತ್ತೆ ಹೇಳಿದೆ. ಲೋಟ ಕೆಳಗಿಟ್ಟಾಗ ಚಹಾ ತುಳುಕಿತು. "ನಾಳೆ ಬೆಳಿಗ್ಗೆ ಎಲ್ರನ್ನೂ ಕುಲದ ಮನೆಗೆ ಕರಿ. ಎಮಿಲನನ್ನೂ ಕರ್ಕೊಂಡು ಬಾ." ಅವಳ ದನಿ ನಡುಗಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ಸಿಳ್ಳೆಗಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ.

ಮರುದಿನವೂ ಮಂಜು ಸರಿದಿರಲಿಲ್ಲ. ಕುಲದ ಮನೆಯ ಬೆಂಕಿಯ ಒಂದು ಬದಿ ಕಾಗೆಯವರು, ಎದುರು ಹದ್ದಿನವರು. ಎಮಿಲನ ಕೈ ಕಟ್ಟಿತ್ತು.

"ಕ್ಲೈಡ್," ಅಗ್ರಫೇನಕ್ಕ ಕೇಳಿದಳು, "ನಿನ್ನೆ ಹೊಗೆಮನೇಲಿ ನಿನಗೆ ಏನು ಕಾಣ್ತು?"

"ಬೂಟು ಅಷ್ಟೇ ದೊಡ್ಡಮ್ಮ. ಪೂರ್ತಿ ಹೊಗೆ. ನಾನು ಒಳಗೆ ಕಾಲೇ ಇಡ್ಲಿಲ್ಲ."

"ಕೂಗಿದ್ಯಾ?"

"ಇಲ್ಲ... ಓಡಿದೆ."

"ನರ್ಸ್ ಮನೆ ಹತ್ತು ಹೆಜ್ಜೆ. ಅದನ್ನ ದಾಟಿ ಊರ ಆ ತುದೀಲಿರೋ ಲೆಸ್ಟರ್ ಮನೆಗೆ ಓಡಿದೆ. ಹದ್ದಿನವರನ್ನ ಕರಿ, ಹಲಗೆ ತಾ ಅಂದೆ. ಅಲ್ವೇನೋ?"

ಕ್ಲೈಡ್ ಬೆಂಕಿಯತ್ತ ಮುಖ ತಿರುಗಿಸಿದ.

"ಹೊಗೇಲಿ ಮನುಷ್ಯ ಬಿದ್ದಿದ್ರೆ ಯಾರಾದ್ರೂ ಮೊದಲು ಹೊರಗೆ ಎಳೀತಾರೆ. ಪುಕ್ಕಲ ಲೆಸ್ಟರ್ ಕೂಡ ತೆವಳ್ಕೊಂಡು ಒಳಗೆ ಹೋದ. ಬದುಕಿರೋನಿಗೆ ನರ್ಸ್ ಬೇಕು. ಹಲಗೆ ತರೋ ಹದ್ದಿನವರು ಬೇಕಾಗೋದು ಸತ್ತೋನಿಗೆ. ಬೂಟು ಮಾತ್ರ ನೋಡ್ದೋನಿಗೆ ಅವನು ಸತ್ತಿದ್ದಾನೆ ಅಂತ ಹೇಗೆ ಗೊತ್ತಾಯ್ತು?"

ಕ್ಲೈಡನ ಆ ಮಾತನ್ನು ಕೇಳಿಸಿಕೊಂಡವನು ನಾನೇ, ಹಲಗೆ ಹೊತ್ತು ಓಡಿದವನೂ ನಾನೇ.

"ಟೋಪಿ ವರ್ನಾಗೆ ಕೊಡ್ತೀನಿ ಅಂತ ಹಾರ್ಲನ್ ಭಾನುವಾರ ನನ್ನ ಹತ್ರ ಹೇಳಿದ್ದ. ನಿನಗೂ ಹೇಳಿದ್ನಾ?" ಅಗ್ರಫೇನಕ್ಕ ಕೇಳಿದಳು.

"ನಿನ್ನೆ ಬೆಳಿಗ್ಗೆ ಹೇಳ್ದ," ಕ್ಲೈಡ್ ಕುಸಿದು ಕೂತ. "ಇಪ್ಪತ್ತು ವರ್ಷ ಅವನ ಹಿಂದೆ ಟೋಪಿ ಪೆಟ್ಟಿಗೆ ಹೊತ್ತೋನು ನಾನು. ತಳ್ಳಿದೆ ಅಷ್ಟೇ ದೊಡ್ಡಮ್ಮ. ಒಂದೇ ಸಲ. ಒಲೆ ಮೇಲೆ ಬಿದ್ದ, ಕಣ್ಣು ಹಾಗೇ ನಿಂತೋಯ್ತು. ಭಯ ಆಯ್ತು. ಎಮಿಲನ ಗೋಡೆಯಿಂದ ಕಾಲು ಕೊಯ್ಕೊಂಡೆ, ಜನ ಹೊರಗೆ ಬರ್ದೇ ಇರ್ಲಿ ಅಂತ ಸಿಳ್ಳೆ ಹೊಡೆದೆ."

"ಸತ್ತಿದ್ದು ಗೊತ್ತಾದ್ಮೇಲೆ ಮುಟ್ಟೋಕೆ ನಿನಗೆ ಕೈ ಬರ್ಲಿಲ್ಲ. ಸ್ವಂತದವರ ಹೆಣ ಮುಟ್ಟಬಾರದು ಅಂತ ನಾನೇ ಕಲಿಸಿದ್ದೆ. ಚೆನ್ನಾಗಿ ಕಲಿತೆ ಮಗನೇ," ಎಂದಳು. "ಎಮಿಲನನ್ನ ಕಟ್ಟಿ ಹಾಕಿದಾಗ ಬಾಯಿ ಮುಚ್ಕೊಂಡಿದ್ಯಲ್ಲ, ಅದನ್ನ ಯಾರು ಕಲಿಸಿದ್ರು?"

ಕ್ಲೈಡ್ ಅಂಗಿಯೊಳಗಿಂದ ಕೂದಲುಳ್ಳ ಕಪ್ಪು ತುಂಡೊಂದನ್ನು ತೆಗೆದು ನೆಲದ ಮೇಲಿಟ್ಟ. "ಸಮುದ್ರಕ್ಕೆ ಎಸೆಯೋಕೂ ಧೈರ್ಯ ಬರ್ಲಿಲ್ಲ. ನಿನ್ನೆ ಸಂಜೆಯಿಂದ ಕಾಡಲ್ಲಿ ಮತ್ತೆ ಸಿಳ್ಳೆ ಕೇಳ್ತಿದೆ ದೊಡ್ಡಮ್ಮ. ಈಗ ಹೊಡೀತಿರೋದು ನಾನಲ್ಲ."

ನಾವೂ ಕೇಳಿದ್ದೆವೆಂದು ಹೇಳುವ ಧೈರ್ಯ ನಮಗಿರಲಿಲ್ಲ.

ನಾನು ಎಮಿಲನ ಹಗ್ಗ ಕೊಯ್ದೆ. ಅಗ್ರಫೇನಕ್ಕ ಬೆಂಕಿ ಬಳಸಿ ನಮ್ಮ ಬದಿಗೆ ಬಂದು ಅವನೆದುರು ನಿಂತಳು.

"ನಿನ್ನನ್ನ ಕಟ್ಟಿದೋರು ನಾವು. ಕೇಳೋಕೆ ಮುಖ ಇಲ್ಲ ಎಮಿಲ್. ಆದ್ರೆ ಕೇಳೋದಕ್ಕೆ ನಿಮ್ಮನ್ನ ಬಿಟ್ರೆ ನನಗೆ ಬೇರೆ ಯಾರೂ ಇಲ್ಲ. ನನ್ನ ತಮ್ಮ ಹಾಗೇ ಬಿದ್ದಿದ್ದಾನೆ."

ಎಮಿಲ್ ಮಣಿಕಟ್ಟು ಉಜ್ಜಿಕೊಂಡ. ಬೈದುಬಿಡುತ್ತಾನೆಂದೇ ನಾನು ಹೆದರಿದ್ದೆ.

"ಉಪ್ಪಿನ ಕೋಣೇಲಿ ಕೂತು ಅದೇ ಯೋಚಿಸ್ತಿದ್ದೆ ಅಕ್ಕ," ಎಂದ. "ಪೆಟ್ಟಿಗೆ ಆರಡಿ ಎರಡಂಗುಲ ಸಾಕಲ್ವಾ?"

"ಮೂರಂಗುಲ ಮಾಡು," ಎಂದಳು ಅಗ್ರಫೇನಕ್ಕ. "ಚಿಕ್ಕೋನಿದ್ದಾಗಿಂದ ಅವನು ಕಾಲು ಚಾಚಿ ಮಲಗ್ತಿದ್ದ." ಅಷ್ಟು ಹೇಳಿ ನನ್ನ ತೋಳು ಹಿಡಿದುಕೊಂಡಳು. ಎಮಿಲ್ ಗರಗಸ ತರಲು ಹೊರಟುಹೋದ ಮೇಲೂ ಬಿಡಲಿಲ್ಲ.