ಐದನೆಯ ಗಂಟು

ಕೃಷ್ಣೆಯ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹೋದ ಗುರುವಾರ ಹೇಳಿದ ಕತೆಯಲ್ಲಿ ಮೊಸಳೆ ಚಾಳೀಸು ಹಾಕಿಕೊಂಡಿತ್ತು ಎಂದದ್ದು ಸ್ವಲ್ಪ ಹೆಚ್ಚಾಯಿತು, ಒಪ್ಪುತ್ತೇನೆ. ಅದಕ್ಕೆ ಬರೀ ಕಡ್ಡಿ ಇತ್ತು, ಗಾಜಿರಲಿಲ್ಲ. ಈ ಕತೆ ಹಾಗಲ್ಲ. ಇದರಲ್ಲಿ ಎರಡು ಹೆಸರು ಬದಲಿಸಿದ್ದೇನೆ, ಅಷ್ಟೇ. ಬಾಳಗೊಂಡ, ನಿನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೇನೆಂದು ಹಾಗೆ ದಿಟ್ಟಿಸಬೇಡ. ಶೇಂಗಾ ಸುಲಿಯುತ್ತ ಕೂತಿರುವ ನಿನ್ನ ತಂಗಿಯೂ ಕೇಳಲಿ.

"ಹೇಳ್ರಿ ಮಾಸ್ತರ್ರ," ಎಂದಳು ಅವಳು. "ಸುಳ್ಳಾದ್ರೂ ಭಾಳ ಚಂದ ಹೇಳ್ತೀರಿ."

ಅವನ ಹೆಸರು ಕುಂಥುನಾಥ ಎಂದಿಟ್ಟುಕೊಳ್ಳಿ. ಕೊಲ್ಹಾಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಮೂವತ್ತಾರನೆಯ ಇಸವಿ, ಮದುವೆಯಾಗಿ ನಾಲ್ಕೇ ತಿಂಗಳು. ಹೆಂಡತಿ ಛಾಯಾ. ನಗುವಾಗ ಕೆಳತುಟಿಯನ್ನು ಎಡಕ್ಕೆ ಕಚ್ಚುವ ಚಟ ಅವಳಿಗೆ. ಆ ನಗು ಅವನಿಗೆ ಮಾತ್ರ. ಅತ್ತೆಯ ಮುಂದೆ ಬೇರೆ ನಗು ಇತ್ತು.

ಕುರುಂದವಾಡದಲ್ಲಿ ದೋಣಿಯಲ್ಲಿ ಹೊಳೆ ದಾಟಿ ದಂಡೆ ಹಿಡಿದು ನಡೆದರೆ ಒಂದು ಹಳೆಯ ಕಲ್ಲಿನ ಗುಡಿ. ಎಂಟುನೂರು ವರ್ಷದ್ದು. ಮುಖ ನೋಡಿಕೊಳ್ಳುವಷ್ಟು ನುಣುಪಾಗಿ ತಿರುವಿದ ಕಂಬಗಳು, ಗೋಡೆಯ ಬುಡಕ್ಕೆ ಸಾಲು ಆನೆ, ಒಂದರ ಸೊಂಡಿಲಿನಂತೆ ಇನ್ನೊಂದರದಿಲ್ಲ. ಅದನ್ನೆಲ್ಲ ಅಳೆದು ನಕಾಶೆ ಬರೆಯಬೇಕೆಂದು ಮಾಸ್ತರ ಹೊರಟ. ತಾನೂ ಬರುತ್ತೇನೆಂದು ಅವಳು ಹೊರಟಳು. ದೋಣಿಯಲ್ಲಿ ಅವನ ಅಳತೆಯ ಟೇಪು ಕೈಜಾರಿ ಹೊಳೆಗೆ ಬಿತ್ತು.

"ಹೊಳಿ ಎಷ್ಟ ಆಳ ಐತಿ ನೋಡಾಕ ಹೋತ ಬಿಡ್ರಿ," ಎಂದು ತುಟಿ ಕಚ್ಚಿದಳು.

ಗುಡಿಯ ಕಸ ಹೊಡೆಯುವವಳು ಯಮುನವ್ವ ಎಂಬ ಮುದುಕಿ, ನೇಕಾರರವಳು. ಪಾಪ ಎಂದು ತನ್ನ ಲಡಿಯಿಂದ ಒಂದು ಎಳೆ ಬಿಳಿ ನೂಲು ಬಿಚ್ಚಿಕೊಟ್ಟಳು. ಅಳತೆ ಸಿಕ್ಕಲ್ಲಿ ಗಂಟು ಹಾಕಿಕೊಂಡರಾಯಿತು. ಆದರೆ ನೂಲಿನ ತುದಿಯನ್ನು ಕೈಯಿಂದ ಬಿಡಲಿಲ್ಲ.

"ಎರಡ ಮಾತ ಐತ್ರಿ. ಕಲ್ಲ ಅಳದ ನೂಲಿಲೆ ಮನಶ್ಯಾರ್ನ ಅಳೀಬ್ಯಾಡ್ರಿ. ಹೋಗುಮುಂದ ಹಾಕಿದ ಗಂಟೆಲ್ಲಾ ಇಲ್ಲೇ ಬಿಚ್ಚಿ ಹೋಗ್ರಿ."

"ಯಾಕಬೇ? ಕಲ್ಲಿಗೆ ಸಿಟ್ಟ ಬರತೈತೇನ?" ಎಂದ ಮಾಸ್ತರ.

ಮುದುಕಿ ಒಳಗೆ ದಕ್ಷಿಣದ ಗೂಡಿನತ್ತ ಕೈ ಮಾಡಿದಳು. ಅಲ್ಲೊಂದು ಹೆಣ್ಣಿನ ಮೂರ್ತಿ, ಆಳೆತ್ತರದ್ದು. ಕಾಲ್ಗೆಜ್ಜೆಯ ಒಂದೊಂದು ಗುಂಡೂ ಎಣಿಸುವಂತಿತ್ತು. ಮುಖ ಮಾತ್ರ ಇರಲಿಲ್ಲ. ಮೊಟ್ಟೆಯಂಥ ನುಣ್ಣನೆಯ ಕಲ್ಲು.

"ಕಲ್ಲಕುಟಿಗ ತನ್ನ ಹೇಣ್ತೀನ್ನ ನೂಲಿಲೆ ಅಳದು ಕಡದಾನ್ರಿ. ಮಾರಿ ಕಡಿಯೂದ್ರಾಗ ಆಕಿ ಸತ್ಲು. ತಿರುಗಿ ಬರ್ಲಿ ಅಂತ ಗಂಟಿನ್ಯಾಗ ಮಾಟಾ ಮಾಡಿ ಹೋದ. ಆವಾಗಿಂದ ಅದು ಮಾರಿ ಹುಡುಕಾಕತ್ತೈತಿ."

ಮಾಸ್ತರ ಬಿದ್ದು ಬಿದ್ದು ನಕ್ಕ. ಮೂರ್ತಿಯನ್ನು ಅಂಗಾಲಿನಿಂದ ಮೇಲಕ್ಕೆ ಅಳೆದ. ಮೊಣಕಾಲಿಗೊಂದು ಗಂಟು, ಸೊಂಟಕ್ಕೊಂದು, ಹೆಗಲಿಗೊಂದು, ಗದ್ದಕ್ಕೊಂದು, ನೆತ್ತಿಗೊಂದು. ಐದು. ಆಮೇಲೆ ಮುದುಕಿಯನ್ನು ಕೆಣಕಲೆಂದೇ ಅದೇ ನೂಲನ್ನು ಹೆಂಡತಿಗೆ ಹಿಡಿದ.

ಐದೂ ಗಂಟು ಸರಿಯಾಗಿ ಕೂತವು. ಕೂದಲಷ್ಟೂ ವ್ಯತ್ಯಾಸವಿಲ್ಲ.

ಅವಳು ತುಟಿ ಕಚ್ಚಿ ನಕ್ಕಳು. ಯಮುನವ್ವ ಕಸಬರಿಗೆ ಅಲ್ಲೇ ಬಿಟ್ಟು ಹೊರಗೆ ಹೋದಳು. ಮನೆಯಲ್ಲಿ ಕೂತು ನಕಾಶೆ ಮುಗಿಸುತ್ತೇನೆಂದು ಅವನು ನೂಲನ್ನು ಗಂಟುಸಹಿತ ಸುತ್ತಿ ಕೋಟಿನ ಕಿಸೆಗೆ ಹಾಕಿಕೊಂಡ.

ನಾಲ್ಕನೆಯ ದಿನ ಛಾಯಾ ಬಿಸಿಲಲ್ಲಿ ಕೂತು ಅಂದಳು, "ಕಾಲ ಯಾಕೋ ತಣ್ಣಗ ಆಗ್ಯಾವ್ರಿ." ಮುಟ್ಟಿ ನೋಡಿದ. ಮುಂಜಾವಿನ ಹಾಸುಗಲ್ಲಿನಂತಿದ್ದವು. ಡಾಕ್ಟರು ವಾಯು ಎಂದರು. ಎಣ್ಣೆ ತಿಕ್ಕಿದರು, ಉಪ್ಪಿನ ಶಾಖ ಕೊಟ್ಟರು. ವಾರದಲ್ಲಿ ತಂಪು ಮೊಣಕಾಲು ದಾಟಿತು. ಅವಳ ಕೂದಲಿನಿಂದ ಶೀಗೆಕಾಯಿಯ ವಾಸನೆ ಹೋಗಿ ಬಾವಲಿ ಹಿಕ್ಕೆ, ಹಳಸಿದ ದೀಪದೆಣ್ಣೆಯ ವಾಸನೆ ಬರತೊಡಗಿತು. ಮಧ್ಯಾಹ್ನ ಮನೆ ನಿಶ್ಶಬ್ದವಾದಾಗ ಗೋಡೆಗೆ ತೂಗಿದ ಕೋಟಿನೊಳಗಿಂದ ಸದ್ದು. ಟಿಕ್. ಟಿಕ್. ಟಿಕ್. ಉಳಿಯ ಮೇಲೆ ಸುತ್ತಿಗೆ ಬಿದ್ದಂತೆ.

ತಂಪು ಸೊಂಟಕ್ಕೇರಿದ ದಿನ ಅವಳು ಅವನ ಕೈ ಹಿಡಿದುಕೊಂಡಳು. "ನೂಲ ಒಯ್ದ ಕೊಟ್ಟ ಬರೂಣ ನಡೀರಿ. ನೀವು ನಗತೀರಿ ಅಂತ ಹೇಳಿರ್ಲಿಲ್ಲ."

ಅವನು ನಗಲಿಲ್ಲ.

ಮೋಟಾರು, ಚಕ್ಕಡಿ, ದೋಣಿ. ದೋಣಿಗೆ ಅವಳನ್ನು ಎತ್ತಲು ನಾಲ್ಕು ಆಳು ಬೇಕಾದರು. ಅವಳು ಕುಳಿತ ಕಡೆಗೆ ದೋಣಿ ವಾಲಿತು. ಗುಡಿ ಮುಟ್ಟಿದಾಗ ನೆತ್ತಿಯ ಮೇಲೆ ಸೂರ್ಯ. ಯಮುನವ್ವ ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹೊರಗೆ ಕೂತಳು.

"ಬಿಚ್ರಿ. ಒಂದೊಂದ ಬಿಚ್ರಿ. ಏನ ಆದ್ರೂ ನೂಲ ಹರೀಬ್ಯಾಡ್ರಿ. ಆ ಮೂರ್ತಿ ಏನ ತಗೊಂಡೈತಿ ಎಲ್ಲಾ ಗಂಟಿನ್ಯಾಗ ಐತಿ."

ಒಳಗೆ ಕತ್ತಲೆ. ಹೊರಗಿನ ಬಿಸಿಲು ಹೊಸ್ತಿಲಲ್ಲೇ ನಿಂತುಬಿಟ್ಟಿತ್ತು. ಅವನು ತಡವುತ್ತ ಗೂಡಿಗೆ ಹೋಗಿ ಮೂರ್ತಿಯ ಪಾದ ಮುಟ್ಟಿದ. ಬೆಚ್ಚಗಿತ್ತು. ಹೆಂಡತಿಯ ಪಾದದಷ್ಟು ಬೆಚ್ಚಗೆ. ಕತ್ತಲಲ್ಲಿ ಯಾರೋ ಉಸಿರಾಡುತ್ತಿದ್ದರು.

ಮೊದಲ ಗಂಟು ಉಗುರಿಗೆ ಬಂತು. "ಕಾಲ ಅಳ್ಳಾಡಿದ್ವು!" ಎಂದು ಹೊರಗಿನಿಂದ ಮುದುಕಿಯ ಕೂಗು. ಎರಡನೆಯದು ಬಿಚ್ಚಿತು. ಮೂರನೆಯದು. ನಾಲ್ಕನೆಯದಕ್ಕೆ ಉಗುರು ಕಿತ್ತು ರಕ್ತ ಬಂತು, ಆದರೆ ಬಿಚ್ಚಿತು. ಐದನೆಯದು, ನೆತ್ತಿಯ ಗಂಟು, ಬೆವರು ಕುಡಿದು ಬಿಗಿದಿತ್ತು. ಹಲ್ಲು ಹಾಕಿದ. ಬರಲಿಲ್ಲ. ಟಿಕ್. ಟಿಕ್. ಕಲ್ಲಿನ ಚೂರು ಅವನ ಕೈಮೇಲೆ ಉದುರಿತು. ಮೂರ್ತಿಯ ಮುಖದಿಂದ. ಯಾರೋ ಕಡೆಯುತ್ತಿದ್ದರು. ಕಡೆಯುವವರು ಯಾರೂ ಇರಲಿಲ್ಲ.

"ಉಸರ ನಿಂತೈತ್ರಿ!" ಮುದುಕಿ ಚೀರಿದಳು.

ಕಿಸೆಯಲ್ಲಿ ಪೆನ್ಸಿಲ್ಲು ಕೆತ್ತುವ ಚಾಕು. ತೆಗೆದ. ಅಲಗು ಬಿಚ್ಚಿದ ಸದ್ದು ಹೊರಗೂ ಕೇಳಿತು.

"ಕೊಯ್ಬ್ಯಾಡ್ರಿ! ಬಿಚ್ರಿ!"

ಕೊಯ್ದ.

ಸದ್ದು ನಿಂತಿತು. ಹೊರಗೆ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು. ಅವನು ಎಡವುತ್ತ ಓಡಿ ಬಂದ. ಛಾಯಾ ಎದ್ದು ಕೂತಿದ್ದಳು. ಕಾಲು ಬೆಚ್ಚಗಿದ್ದವು. ಕೆನ್ನೆಯಲ್ಲಿ ರಕ್ತ ಆಡುತ್ತಿತ್ತು. ಅವನು ಅವಳ ಕೈ ಹಿಡಿದ. ಅವಳು ಮೆಲ್ಲಗೆ ಬಿಡಿಸಿಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇವರ್ಯಾರಬೇ?" ಎಂದು ಯಮುನವ್ವನನ್ನು ಕೇಳಿದಳು.

ಅಪ್ಪ ನೆನಪಿದ್ದ, ಅಣ್ಣ ನೆನಪಿದ್ದ, ತವರಿನ ಎಮ್ಮೆಯ ಹೆಸರೂ ನೆನಪಿತ್ತು. ಮದುವೆಯೊಂದೇ ನೆನಪಿರಲಿಲ್ಲ. ನೂಲು ಮರಳಿ ಇಡಲು ಅವನು ಒಳಗೆ ಹೋದಾಗ ಕತ್ತಲು ತುಸು ತಿಳಿಯಾಗಿತ್ತು. ಗೂಡಿನ ಮೂರ್ತಿಗೆ ಮುಖ ಬಂದಿತ್ತು. ಅದು ಕೆಳತುಟಿಯನ್ನು ಎಡಕ್ಕೆ ಕಚ್ಚಿ ಅವನನ್ನೇ ನೋಡಿ ನಗುತ್ತಿತ್ತು.

ಶೇಂಗಾ ಸುಲಿಯುವ ಕೈ ನಿಂತಿತು. "ಅಯ್ಯ ಪಾಪ! ಮುಂದ ಆಕಿ ಏನಾದ್ಲರಿ?"

ತವರಿಗೆ ಹೋದಳು, ಬಾಯಿಯವರೇ. ಒಮ್ಮೆ ಅಣ್ಣ ಎದುರಿಗೆ ಕೂರಿಸಿ, ನೀನು ಇವರ ಹೆಂಡತಿ ಎಂದು ಹೇಳಿ ನೋಡಿದ. ಮಾತು ಮುಗಿಯುವುದರೊಳಗೆ ಅವಳ ಕಾಲು ಮತ್ತೆ ಕಲ್ಲಾಗಿ ಮೂರು ದಿನ ಏಳಲಿಲ್ಲ; ಎದ್ದಾಗ ಆ ಮಾತೂ ನೆನಪಿರಲಿಲ್ಲ. ಅಂದಿನಿಂದ ಯಾರೂ ಹೇಳುವುದಿಲ್ಲ. ಗಂಡ ಗುರುವಾರಕ್ಕೊಮ್ಮೆ ಬರುತ್ತಾನೆ, ಅಣ್ಣನ ಗೆಳೆಯ ಎಂದು. ಕಟ್ಟೆಯ ಮೇಲೆ ಕೂತು ಮೊಸಳೆಗೆ ಚಾಳೀಸು ಹಾಕುತ್ತಾನೆ, ಹುಲಿಗೆ ಬೀಡಿ ಸೇದಿಸುತ್ತಾನೆ. ಅವಳು ನಗುತ್ತಾಳೆ. ತುಂಬು ಬಾಯಿ ತೆರೆದು, ಎಲ್ಲರಿಗೂ ನಗುವ ಹಾಗೆ. ಹನ್ನೊಂದು ವರ್ಷವಾಯಿತು. ತುಟಿಯನ್ನು ಒಮ್ಮೆ ಎಡಕ್ಕೆ ಕಚ್ಚಿಯಾಳೇ ಎಂದು ಅವನು ನೋಡುತ್ತಲೇ ಇದ್ದಾನೆ.

"ಮಾಸ್ತರ್," ಬಾಳಗೊಂಡ ನನ್ನ ತೋಳು ಹಿಡಿದ, "ಸಾಕ ಮಾಡ್ರಿ."

"ತಡಿಯಣ್ಣಾ." ಅವಳು ನನ್ನತ್ತ ಬಾಗಿದಳು. ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡು ಕೈಯಿಂದ ತಿಕ್ಕತೊಡಗಿದಳು, ಚಳಿಯಾದವರಂತೆ. ಏಪ್ರಿಲ್ ಬಿಸಿಲು ಅಂಗಳದಲ್ಲಿ ಉರಿಯುತ್ತಿತ್ತು. "ಹೆಸರ ಬದಲ ಮಾಡೇನಿ ಅಂದ್ರೆಲ್ಲ. ಆ ಹೆಣಮಗಳ ಖರೇ ಹೆಸರ ಏನ್ರಿ?"

ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಒಂದು ಹೆಸರು ಕೇಳಿದ್ದು ಇದೇ ಮೊದಲು. ಹೇಳಬಾರದಿತ್ತು. ಆದರೆ ಅವಳ ಕೆಳತುಟಿ, ಆಣೆ ಮಾಡಿ ಹೇಳುತ್ತೇನೆ, ಎಡಕ್ಕೆ ತುಸು ಸರಿದಿತ್ತು.

"ಹೇಳ್ತೇನಿ, ಬಾಯಾರ. ಆಕಿ ಹೆಸರ ಅಂದ್ರ, ಆಕಿ ಹೆಸರ..."

"ಅಯ್ಯ, ಹಾಲ ಉಕ್ಕಿತು!" ಎಂದು ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದು ಒಳಗೆ ಓಡಿದಳು. ಕಾಲು ಎರಡೂ ಮತ್ತೆ ಹಗುರವಾಗಿದ್ದವು.