ಕಟಕಟೆಯಲ್ಲಿ ಮಹೇಶ್ವರಿ

ಗಂಗಾವತಿ ಕೋರ್ಟಿನ ವರಾಂಡದಲ್ಲಿ ಮಹೇಶ್ವರಿ ಆ ತುದಿಗೆ ಕೂತಿದ್ದಳು, ಗಾಳೇಶ ಈ ತುದಿಗೆ. ಮೂರು ವರ್ಷದಿಂದ ಹೀಗೆಯೇ. ಕಣ್ಣಿಗೆ ಕಣ್ಣು ಕೂಡಿದರೆ ಆಕೆ ವೇಲಿನ ಅಂಚು ಬಾಯಿಗೆ ಹಿಡಿದು ನಗು ಮುಚ್ಚಿಕೊಳ್ಳುತ್ತಿದ್ದಳು. ಅವನು ಸಿಟ್ಟಿನಿಂದ ಗೋಡೆ ನೋಡುತ್ತಿದ್ದ.

ಸಿಟ್ಟು ಆಕೆಯ ಮೇಲಲ್ಲ, ಮುಗಿಯದ ಕೇಸಿನ ಮೇಲೆ. ಶ್ರೀರಾಮನಗರದ ಗದ್ದೆಗಳಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದವನು ಅವನು. ಅವನ ಬೈಕಿಗೆ ಲಾರಿ ಗುದ್ದಿದ ದಿನ, ಬಸ್ಸಿಗೆ ನಿಂತಿದ್ದ ಮಹೇಶ್ವರಿಯೇ ಆಟೋ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ಹೇಳಿಕೆಯನ್ನೂ ಕೊಟ್ಟಿದ್ದಳು. ಬಲಗಾಲಿಗೆ ರಾಡು ಹಾಕಿದರು, ಮಷಿನ್ ಹತ್ತುವುದು ನಿಂತಿತು. ಪರಿಹಾರದ ಕೇಸಿನಲ್ಲಿ ಕಣ್ಣಾರೆ ಕಂಡವಳು ಆಕೆಯೊಬ್ಬಳೇ. "ಈಗ ಹೆಂಗದೀರಿ?" ಎಂದು ಒಮ್ಮೆ ಬಂದ ಫೋನು ಆಮೇಲೆ ದಿನಾ ಬರತೊಡಗಿತು.

ಅವನ ವಕೀಲ ಹನಮೇಶ ಕಡ್ಡಿ ಮುರಿದಂತೆ ಹೇಳಿದ್ದರು: "ಕೇಸು ಮುಗಿಯೂತನಕ ಇಬ್ರೂ ಕೂಡಿ ಎಲ್ಲೂ ಕಾಣಿಸ್ಕೊಬ್ಯಾಡ್ರಿ. ಸಾಕ್ಷಿ ನಿಮ್ಮಾಕಿ ಅಂತ ಗೊತ್ತಾದ್ರ ಇನ್ಶೂರೆನ್ಸ್‌ನವರು ಬಿಡಂಗಿಲ್ಲ."

ಮುಗಿಯಬೇಕಲ್ಲ! ಒಮ್ಮೆ ಡಾಕ್ಟರ್ ಬರಲಿಲ್ಲ, ಒಮ್ಮೆ ವಕೀಲರಿಲ್ಲ, ಒಮ್ಮೆ ಜಡ್ಜ್ ಸಾಹೇಬರಿಗೇ ವರ್ಗ. ಅತ್ತ ಯಲಬುರ್ಗಾದ ಕಡೆಯಿಂದ ಗಂಡೊಂದು ಆಕೆಯನ್ನು ನೋಡಿ ಹೋಗಿತ್ತು.

"ನೀವೇನರ ಹೇಳ್ರಿ," ಎಂದು ಆಕೆ ಫೋನಿನಲ್ಲಿ ಕೇಳಿದಾಗ, "ಕುಂಟನ ಹತ್ರ ಏನೈತಿ ಹೇಳಾಕ? ಕೇಸು ಮುಗೀಲಿ," ಎಂದು ಕಟ್ ಮಾಡಿದ್ದ.

ಇವತ್ತು ಕಡೆಗೂ ಕೂಗಿದರು. ಮಹೇಶ್ವರಿ ಕಟಕಟೆ ಹತ್ತಿ ಕಂಡದ್ದನ್ನು ತಡವರಿಸದೆ ಹೇಳಿದಳು. ಇನ್ಶೂರೆನ್ಸ್ ಕಂಪನಿ ಕಡೆಯ ವಕೀಲರು ಎದ್ದರು.

"ಅರ್ಜಿದಾರಗೂ ನಿಮಗೂ ಏನ್ ಸಂಬಂಧಮ್ಮಾ?"

ಏನೂ ಇಲ್ಲ ಅಂದುಬಿಡು ಮಾರಾಯ್ತಿ, ಎಂದು ಗಾಳೇಶ ಮನಸ್ಸಿನಲ್ಲೇ ಬೇಡಿಕೊಂಡ.

"ಆವತ್ತು ಹೆಸರು ಸುದ್ದಾ ಗೊತ್ತಿರಲಿಲ್ರಿ. ಈಗ ಮದುವಿ ಆದ್ರ ಇವ್ರನ್ನ ಆಗೂದು ಅಂತ ಮಾಡೇನ್ರಿ. ಇವ್ರು ಇನ್ನಾ ಕೇಳಿಲ್ಲ."

ಕೂತವರೆಲ್ಲ ಗೊಳ್ಳೆಂದರು.

"ಅದಕ್ಕ ಸುಳ್ಳು ಸಾಕ್ಷಿ ಹೇಳಾಕತ್ತೀರಿ!"

"ಸುಳ್ಳು ಹೇಳೂದಿದ್ರ ಸಂಬಂಧ ಇಲ್ಲ ಅಂತಿದ್ನಲ್ರಿ?"

ಹೊರಗೆ ಗಾಳೇಶ ಕುಂಟುತ್ತ ಬಂದು ಆಕೆಯನ್ನು ತಡೆದ. "ಕೇಸು ಕೆಡಿಸಿದ್ಯಲ್ಲ! ಮೂರು ವರ್ಷ ಬಾಯಿ ಮುಚ್ಕೊಂಡು ಕುಂತಿದ್ದು ಯಾತಕ್ಕ?"

"ಅದನ್ನ ನಾನೂ ಕೇಳಾಕತ್ತೀನಿ. ಯಾತಕ್ಕ?" ಆಕೆಯ ಕಣ್ಣು ತುಂಬಿತ್ತು.

"ನಾ ಇನ್ನ ಮಷಿನ್ ಹತ್ತಂಗಿಲ್ಲ, ಮಹೇಶ್ವರಿ."

"ಹತ್ತೂದು ಬ್ಯಾಡ್ರಿ. ಮನಿಗೆ ಬಂದು ನಮ್ಮಪ್ಪನ ಹತ್ರ ಮಾತಾಡ್ರಿ ಸಾಕು."

ಅವನು ಎಲ್ಲರ ಎದುರಿಗೇ ಆಕೆಯ ಕೈ ಹಿಡಿದ. ಆ ರವಿವಾರವೇ ಹೋಗಿ ಮಾತಾಡಿದ.

ಎರಡು ತಿಂಗಳಿಗೆ ಗಾಳೇಶನ ಪರವಾಗಿ ತೀರ್ಪು ಬಂತು. ಅಪಘಾತದ ದಿನದ ಹೇಳಿಕೆಗೂ ಕೋರ್ಟಿನ ಮಾತಿಗೂ ಒಂದಕ್ಷರ ಫರಕಿರಲಿಲ್ಲ, ಸಾಹೇಬರು ನಂಬಿದ್ದರು. ಕಂಪನಿ ಮಾತ್ರ ಹೈಕೋರ್ಟಿಗೆ ಹೋಯಿತು.

"ಇನ್ನೂ ಎರಡು ಮೂರು ವರ್ಷ ಹಿಡಿತೈತಿ," ಎಂದು ಹನಮೇಶರು ತಲೆ ಕೆರೆದುಕೊಂಡರು.

"ಹಿಡೀಲಿ ಬಿಡ್ರಿ ಸರ," ಎಂದ ಗಾಳೇಶ. "ನಾವು ಅದಕ್ಕ ಕಾಯಂಗಿಲ್ಲ."

ಮಹೇಶ್ವರಿ ಮದುವೆ ಕಾರ್ಡು ಮುಂದೆ ಹಿಡಿದಳು.